ಸಕ್ಕರೆ ಕರಗಿಸುವ ಗಡ್ಡೆ: ಇನ್ಸುಲಿನೋಮಾ ಹಿಡಿಯುವುದು, ತೆಗೆಯುವುದು

ಸಕ್ಕರೆ ಏರುವ ಕಾಯಿಲೆಯ ಬಗ್ಗೆ ನಮ್ಮಲ್ಲಿ ದಿನಕ್ಕೊಂದು ಶಿಬಿರ ನಡೆಯುತ್ತದೆ. ಇವತ್ತಿನ ಮಾತು ಇಳಿಯುವ ಸಕ್ಕರೆಯದು. ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್‌ನೊಳಗೆ ಕಡಲೆಕಾಳಿನಷ್ಟೋ ನೆಲ್ಲಿಕಾಯಿಯಷ್ಟೋ ದಪ್ಪದ ಗಡ್ಡೆಯೊಂದು ಕೂತು, ಊಟ ಆಗಿದೆಯೋ ಇಲ್ಲವೋ ನೋಡದೆ ಇನ್ಸುಲಿನ್ ಸುರಿಸುತ್ತದೆ. ಅದೇ ಇನ್ಸುಲಿನೋಮಾ. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ಇದು ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 1ರಿಂದ 4 ಮಂದಿಗೆ ಬರುತ್ತದೆ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6.1 ಕೋಟಿ. ಅದೇ ದರ ಇಲ್ಲಿಗೂ ಹೊಂದುವುದಾದರೆ ರಾಜ್ಯದಲ್ಲಿ ವರ್ಷಕ್ಕೆ 60ರಿಂದ 240 ಹೊಸ ರೋಗಿಗಳು ಇರಬೇಕು. ಅವರಲ್ಲಿ ಹಲವರು ಈಗ ಫಿಟ್ಸ್ ಮಾತ್ರೆ ನುಂಗುತ್ತಲೋ ಮನೋರೋಗದ ವಿಭಾಗದ ಬಾಗಿಲಲ್ಲೋ ಕೂತಿರುತ್ತಾರೆ.

ಯಾಕೆ ಅಂದರೆ ಈ ಕಾಯಿಲೆ ಹೊಟ್ಟೆಯಲ್ಲಿದ್ದರೂ ತೋರುವುದು ತಲೆಯಲ್ಲಿ. ಗಡ್ಡೆ ನೋಯುವುದಿಲ್ಲ, ಕೈಗೆ ಸಿಗುವುದಿಲ್ಲ, ಕಾಮಾಲೆ ತರುವುದಿಲ್ಲ. ಬೆಳಗಿನ ಜಾವ ಎಬ್ಬಿಸಿದರೆ ಏಳುವುದಿಲ್ಲ, ಎದ್ದರೂ ತೊದಲುತ್ತಾರೆ, ಮನೆಯವರ ಗುರುತು ಸಿಗುವುದಿಲ್ಲ, ಎರಡೆರಡು ಕಾಣುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿ ಕುಡಿಸಿದರೆ ಹತ್ತು ನಿಮಿಷದಲ್ಲಿ ಏನೂ ಆಗಿಲ್ಲವೆಂಬಂತೆ ಮಾತಾಡುತ್ತಾರೆ, ನಡೆದದ್ದು ಮಾತ್ರ ನೆನಪಿರುವುದಿಲ್ಲ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸದ ದಿನ ಮೊದಲ ಸಲ ಬಿದ್ದವರೂ ಉಂಟು. ತಿಂದರೆ ಸರಿಹೋಗುತ್ತದೆ ಎಂಬುದು ದೇಹಕ್ಕೆ ತಾನೇ ಗೊತ್ತಾಗಿ, ರಾತ್ರಿ ಎದ್ದು ತಿನ್ನುವ ಅಭ್ಯಾಸ ಬೆಳೆದು, ತೂಕವೂ ಏರಿರುತ್ತದೆ. ಬೆವರು, ನಡುಕ, ಎದೆಬಡಿತದಂಥ ಎಚ್ಚರಿಕೆಗಳು ಶುರುವಿನಲ್ಲಿ ಇರುತ್ತವೆ. ಆದರೆ ಸಕ್ಕರೆ ಪದೇ ಪದೇ ಇಳಿದಾಗ ದೇಹ ಅದಕ್ಕೆ ಒಗ್ಗಿಕೊಂಡು ಆ ಗಂಟೆ ಬಾರಿಸುವುದನ್ನೇ ನಿಲ್ಲಿಸುತ್ತದೆ. ಆಮೇಲೆ ನೇರವಾಗಿ ಮಂಪರು. ಹಾಗಾಗಿ ಫಿಟ್ಸ್ ಅಂತ ಬಂದವರಿಗೆ, ಫಿಟ್ಸ್ ನಡೆಯುತ್ತಿರುವಾಗಲೇ, ಒಂದು ಸಕ್ಕರೆ ಪರೀಕ್ಷೆ ಆಗಿರಬೇಕು. ಮರುದಿನ ಹೊರರೋಗಿ ವಿಭಾಗದಲ್ಲಿ ಇಡ್ಲಿ ತಿಂದು ಬಂದವರ ಸಕ್ಕರೆ ಡೆಸಿಲೀಟರಿಗೆ 98 ಮಿಲಿಗ್ರಾಂ ಇದ್ದರೆ ಅದರಿಂದ ಏನೂ ತೀರ್ಮಾನ ಆಗುವುದಿಲ್ಲ.

ಇತಿಹಾಸದಲ್ಲಿ ಎರಡು ಮಾತು. ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿದ್ದು 1921–22ರಲ್ಲಿ. ಇನ್ಸುಲಿನ್ ಹೆಚ್ಚಾದರೆ ಮನುಷ್ಯ ಹೇಗೆ ಬೀಳುತ್ತಾನೆ ಎಂದು ವೈದ್ಯರು ಕಣ್ಣಾರೆ ಕಂಡ ಮೇಲೆಯೇ, ಚುಚ್ಚುಮದ್ದು ತೆಗೆದುಕೊಳ್ಳದವರಲ್ಲೂ ಹೀಗಾಗುತ್ತದಲ್ಲ ಎಂಬ ಪ್ರಶ್ನೆ ಹುಟ್ಟಿತು. 1927ರಲ್ಲಿ ಮೇಯೊ ಕ್ಲಿನಿಕ್ ವರದಿ ಮಾಡಿದ ರೋಗಿ ಸ್ವತಃ ಶಸ್ತ್ರವೈದ್ಯ. ಅವರ ಗಡ್ಡೆ ಯಕೃತ್ತಿಗೆ ಹರಡಿದ್ದ ಕ್ಯಾನ್ಸರ್ ಆಗಿತ್ತು, ತೆಗೆಯಲು ಆಗಲಿಲ್ಲ. ಎರಡು ವರ್ಷದ ನಂತರ, 1929ರಲ್ಲಿ, ಅದೇ ಟೊರಾಂಟೊದಲ್ಲಿ ರಾಸ್ಕೊ ಗ್ರಹಾಂ ಇಂಥ ಗಡ್ಡೆ ತೆಗೆದು ರೋಗಿಯನ್ನು ಗುಣಪಡಿಸಿದರು. 1930ರ ದಶಕದಲ್ಲಿ ನ್ಯೂಯಾರ್ಕಿನ ಅಲೆನ್ ವಿಪಲ್ ಮೂರು ಷರತ್ತು ಹಾಕಿದರು. ಸಕ್ಕರೆ ಇಳಿದಾಗ ಬರುವಂಥ ಲಕ್ಷಣ ಇರಬೇಕು, ಆ ಹೊತ್ತಿನಲ್ಲೇ ಅಳೆದ ಸಕ್ಕರೆ ಕಡಿಮೆ ಇರಬೇಕು, ಗ್ಲೂಕೋಸ್ ಕೊಟ್ಟರೆ ಲಕ್ಷಣ ಹೋಗಬೇಕು. ಈ ವಿಪಲ್ ತ್ರಯವನ್ನು ಅವರು ಬರೆದದ್ದು ಹೊಟ್ಟೆ ಕೊಯ್ಯಬೇಕೋ ಬೇಡವೋ ಎಂದು ತೀರ್ಮಾನಿಸಲಿಕ್ಕೆ. ಸ್ಕ್ಯಾನಿಂಗ್ ಇಲ್ಲದ ಕಾಲದಲ್ಲಿ ಅವರು ಪಾಲಿಸಿದ ಶಿಸ್ತು, ಸ್ಕ್ಯಾನಿಂಗ್ ಬೀದಿಗೊಂದಿರುವ ಕಾಲದಲ್ಲಿ ನಮಗೆ ತಪ್ಪಿಹೋಗಿದೆ ಎಂಬುದೇ ನಮ್ಮ ತಕರಾರು.

ಆ ಶಿಸ್ತು ಇಷ್ಟೇ: ಮೊದಲು ರಕ್ತದಲ್ಲಿ ಕಾಯಿಲೆ ಸಾಬೀತಾಗಬೇಕು, ಆಮೇಲೆ ಗಡ್ಡೆ ಹುಡುಕಬೇಕು, ಗಡ್ಡೆ ಸಿಕ್ಕ ಮೇಲೆ ಕತ್ತಿ ಹಿಡಿಯಬೇಕು. ಸಿಟಿ ಸ್ಕ್ಯಾನ್ ಮೊದಲು ಮಾಡಿಸಿದರೆ ಎರಡು ರೀತಿ ಮೋಸ ಹೋಗಬಹುದು. ಗಡ್ಡೆ ಕಾಣದಿದ್ದರೆ ‘ಏನೂ ಇಲ್ಲ’ ಅಂತ ರೋಗಿಯನ್ನು ಮನೆಗೆ ಕಳಿಸುತ್ತೇವೆ. ಕಂಡರೆ, ಅದು ಪ್ಯಾಂಕ್ರಿಯಾಸ್‌ನ ಬಾಲದಲ್ಲಿ ಹುಟ್ಟಿನಿಂದಲೇ ಸಿಕ್ಕಿಕೊಂಡ ಗುಲ್ಮದ (ಸ್ಪ್ಲೀನ್) ತುಣುಕೂ ಆಗಿರಬಹುದು. ಅದೂ ಸ್ಕ್ಯಾನಿಗಾಗಿ ರಕ್ತನಾಳಕ್ಕೆ ಬಣ್ಣದೌಷಧ (ಕಾಂಟ್ರಾಸ್ಟ್) ಕೊಟ್ಟಾಗ ಗಡ್ಡೆಯ ಹಾಗೆಯೇ ಮಿನುಗುತ್ತದೆ.

ಸಾಬೀತು ಮಾಡುವ ಪರೀಕ್ಷೆಯ ಹೆಸರು 72 ಗಂಟೆ ಉಪವಾಸ. ಹೆಸರು ಕೇಳಿ ಹೆದರಬೇಡಿ, ಬಹುಪಾಲು ಮಂದಿಯ ಸಕ್ಕರೆ ಮೊದಲ 24 ಗಂಟೆಯಲ್ಲೇ ಇಳಿಯುತ್ತದೆ, 48 ದಾಟುವವರು ಬೆರಳೆಣಿಕೆ. ಆದರೆ ಇದು ಮನೆಯಲ್ಲಿ ಮಾಡುವ ಪರೀಕ್ಷೆಯಲ್ಲ. ಕೈಯಲ್ಲಿ ಕ್ಯಾನುಲಾ ಇರಬೇಕು, ಪಕ್ಕದಲ್ಲಿ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಸಿರಿಂಜ್ ತುಂಬಿಟ್ಟಿರಬೇಕು, ರಾತ್ರಿ ಪಾಳಿಯ ನರ್ಸ್‌ಗೆ ಏನು ನಡೆಯುತ್ತಿದೆ ಎಂದು ಗೊತ್ತಿರಬೇಕು. ಉಪವಾಸದ ಗಡಿಯಾರ ಶುರುವಾಗುವುದು ಕೊನೆಯ ತುತ್ತು ನುಂಗಿದ ಕ್ಷಣದಿಂದ, ವಾರ್ಡಿಗೆ ಬಂದ ಹೊತ್ತಿನಿಂದಲ್ಲ. ನೀರು ಎಷ್ಟಾದರೂ ಕುಡಿಯಲಿ. ‘ಸಕ್ಕರೆ ಹಾಕದ ಕಾಫಿ ಆಗಬಹುದಾ’ ಎಂದು ಎಲ್ಲರೂ ಕೇಳುತ್ತಾರೆ. ಆಗದು, ಕೆಫೀನ್ ಕೂಡ ಬೇಡ. ಎಳನೀರು, ಮಜ್ಜಿಗೆಯ ಮಾತಂತೂ ಬೇಡವೇ ಬೇಡ. ಎಚ್ಚರವಿರುವಷ್ಟು ಹೊತ್ತು ಓಡಾಡುತ್ತಿರಬೇಕು, ಮಲಗಿಸಿಬಿಟ್ಟರೆ ಪರೀಕ್ಷೆ ಸುಮ್ಮನೆ ಉದ್ದವಾಗುತ್ತದೆ. ಆರು ಗಂಟೆಗೊಮ್ಮೆ ರಕ್ತ ತೆಗೆಯುವುದು, ಸಕ್ಕರೆ 60ಕ್ಕಿಂತ ಕೆಳಗೆ ಬಂದ ಮೇಲೆ ಗಂಟೆಗೊಂದು ಅಥವಾ ಎರಡು ಗಂಟೆಗೊಂದು ಸಲ.

ನಿಲ್ಲಿಸುವುದು ಯಾವಾಗ? ಸಕ್ಕರೆ 45 ಮಿಲಿಗ್ರಾಂಗಿಂತ ಕೆಳಗಿಳಿದು ಲಕ್ಷಣ ಕಂಡಾಗ. ವಿಪಲ್ ತ್ರಯ ಈ ಮೊದಲೇ ದಾಖಲಾಗಿದ್ದರೆ 55ಕ್ಕಿಂತ ಕೆಳಗೆ ಬಂದರೂ ಸಾಕು. ಇಲ್ಲಿ ಬೆರಳು ಚುಚ್ಚುವ ಮೀಟರ್‌ನ ಅಂಕಿ ನಂಬಿ ಪರೀಕ್ಷೆ ಮುಗಿಸಬಾರದು. ಆ ಮೀಟರುಗಳು ಮಧುಮೇಹಿಗಳ ಏರಿದ ಸಕ್ಕರೆ ನೋಡಲಿಕ್ಕೆ ಆದವು, 50ರ ಆಸುಪಾಸಿನಲ್ಲಿ ಅವುಗಳ ಮಾತಿಗೆ ತೂಕ ಕಡಿಮೆ. ಪ್ರಯೋಗಾಲಯದ ಅಂಕಿ ಬರುವ ತನಕ ಕಾಯಬೇಕು. ಕಾಯುವಾಗ ಲಕ್ಷಣ ನೋಡುವುದು ಹೇಗೆ ಅಂದರೆ, ನೂರರಿಂದ ಏಳೇಳು ಕಳೆಯಲು ಹೇಳಿ, ವಾರದ ದಿನಗಳನ್ನು ಹಿಂದುಮುಂದಾಗಿ ಕೇಳಿ. ಉಪವಾಸದ ಮೊದಲ ಗಂಟೆಯಲ್ಲಿ ಇದೇ ಪ್ರಶ್ನೆಗಳಿಗೆ ಎಷ್ಟು ಚುರುಕಾಗಿ ಉತ್ತರಿಸಿದ್ದರು ಎಂದು ಬರೆದಿಟ್ಟುಕೊಂಡಿರಬೇಕು, ಹೋಲಿಕೆ ಅದರ ಜೊತೆಗೆ.

ಆ ಕೊನೆಯ ಐದು ನಿಮಿಷವೇ ಪರೀಕ್ಷೆಯ ಜೀವಾಳ. ಗಾಬರಿಯಾಗಿ ಮೊದಲು ಗ್ಲೂಕೋಸ್ ಕೊಟ್ಟು ಆಮೇಲೆ ರಕ್ತ ತೆಗೆದರೆ ಇಡೀ ಉಪವಾಸ ನೀರಲ್ಲಿ ಹೋಮ. ಮೊದಲು ರಕ್ತ: ಗ್ಲೂಕೋಸ್, ಇನ್ಸುಲಿನ್, ಸಿ-ಪೆಪ್ಟೈಡ್ (ದೇಹ ಇನ್ಸುಲಿನ್ ತಯಾರಿಸುವಾಗ ಜೊತೆಗೇ ಹೊರಬರುವ ತುಣುಕು), ಪ್ರೊಇನ್ಸುಲಿನ್ (ಇನ್ಸುಲಿನ್ನಿನ ಮೊದಲ ರೂಪ), ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ (ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್), ಸಲ್ಫೊನಿಲ್‌ಯೂರಿಯಾ ಎಂಬ, ಇನ್ಸುಲಿನ್ ಬಿಡಿಸುವ ಮಧುಮೇಹ ಮಾತ್ರೆಗಳ ಪತ್ತೆ. ಇನ್ಸುಲಿನ್ ವಿರುದ್ಧದ ಪ್ರತಿಕಾಯ ನೋಡಲು ರಕ್ತ ಯಾವಾಗ ತೆಗೆದರೂ ಆದೀತು. ರಕ್ತ ತೆಗೆದ ಮೇಲೆ, ಸಕ್ಕರೆ ಏರಿಸುವ ಹಾರ್ಮೋನ್ ಆದ ಗ್ಲುಕಗಾನ್ 1 ಮಿಲಿಗ್ರಾಂ ರಕ್ತನಾಳಕ್ಕೆ ಕೊಟ್ಟು 10, 20, 30ನೇ ನಿಮಿಷದಲ್ಲಿ ಸಕ್ಕರೆ ನೋಡಿ, ಊಟ ಕೊಡಿ. ಗ್ಲೂಕೋಸ್ ಟ್ಯೂಬಿಗೆ ಫ್ಲೋರೈಡ್ ಇರಲೇಬೇಕು. ಇಲ್ಲದಿದ್ದರೆ ರಕ್ತಕಣಗಳು ಟ್ಯೂಬಿನೊಳಗೇ ಗಂಟೆಗೆ ಶೇ 5–7ರಷ್ಟು ಸಕ್ಕರೆ ತಿಂದು ಹಾಕುತ್ತವೆ, ಕಾಯಿಲೆ ಇಲ್ಲದವರಲ್ಲೂ ಸಕ್ಕರೆ ಕಡಿಮೆ ಕಾಣುತ್ತದೆ. ಉಳಿದ ಟ್ಯೂಬುಗಳು ಐಸ್ ಮೇಲೆ ಹೋಗಲಿ. ರಕ್ತಕಣ ಒಡೆದು ಸೀರಂ ಕೆಂಪಾದರೆ ಅದರೊಳಗಿನ ಕಿಣ್ವ ಇನ್ಸುಲಿನ್ನನ್ನು ಕಡಿದು ಹಾಕುತ್ತದೆ, ಆಗ ನಿಜವಾದ ಇನ್ಸುಲಿನೋಮಾ ಕೂಡ ತಪ್ಪಿಹೋಗಬಹುದು.

ಅಂಕಿಗಳನ್ನು ಓದುವಾಗ ಒಂದು ಕಿವಿಮಾತು. ಇನ್ಸುಲಿನ್ ವರದಿಯ ಪಕ್ಕ ಅಚ್ಚಾಗಿರುವ ‘ನಾರ್ಮಲ್’ ವ್ಯಾಪ್ತಿ ನೋಡಬೇಡಿ, ಅದು ಸಕ್ಕರೆ ಸರಿಯಿದ್ದವರ ಲೆಕ್ಕ. ಸಕ್ಕರೆ 55ಕ್ಕಿಂತ ಕೆಳಗಿದ್ದಾಗ ಇನ್ಸುಲಿನ್ ಬತ್ತಿಹೋಗಿರಬೇಕು. ಆಗಲೂ ಅದು ಮಿಲಿಲೀಟರಿಗೆ 3 ಮೈಕ್ರೊಯೂನಿಟ್ ಅಥವಾ ಹೆಚ್ಚು, ಸಿ-ಪೆಪ್ಟೈಡ್ 0.6 ನ್ಯಾನೊಗ್ರಾಂ ಅಥವಾ ಹೆಚ್ಚು, ಪ್ರೊಇನ್ಸುಲಿನ್ ಲೀಟರಿಗೆ 5 ಪೈಕೊಮೋಲ್ ಅಥವಾ ಹೆಚ್ಚು ಇದ್ದರೆ ಯಾರೋ ನಲ್ಲಿ ಮುಚ್ಚುತ್ತಿಲ್ಲ ಎಂದೇ ಅರ್ಥ. ಇನ್ಸುಲಿನ್ 7 ಇದ್ದರೆ ‘ನಾರ್ಮಲ್’ ಎಂದು ವರದಿ ಹೇಳುತ್ತದೆ, ಆದರೆ ಸಕ್ಕರೆ 42 ಇರುವಾಗ ಆ 7 ಸೊನ್ನೆಯ ಹತ್ತಿರ ಇರಬೇಕಿತ್ತು. ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ 2.7 ಮಿಲಿಮೋಲ್ ದಾಟಿರುವುದಿಲ್ಲ, ಯಾಕೆಂದರೆ ಇನ್ಸುಲಿನ್ ಕೊಬ್ಬು ಕರಗಲು ಬಿಟ್ಟಿಲ್ಲ. ಗ್ಲುಕಗಾನ್ ಕೊಟ್ಟಾಗ ಸಕ್ಕರೆ 25 ಅಥವಾ ಹೆಚ್ಚು ಏರುತ್ತದೆ, ಯಾಕೆಂದರೆ ಇಷ್ಟು ಹೊತ್ತಿನ ಉಪವಾಸದ ನಂತರವೂ ಯಕೃತ್ತಿನ ಗ್ಲೈಕೊಜನ್ (ಕೂಡಿಟ್ಟ ಸಕ್ಕರೆ) ದಾಸ್ತಾನು ಹಾಗೇ ಕೂತಿದೆ.

ಇಷ್ಟಾದರೂ ಗಡ್ಡೆಯೇ ಎನ್ನುವಂತಿಲ್ಲ. ಇನ್ಸುಲಿನ್ ಹೆಚ್ಚಿದ್ದು ಸಿ-ಪೆಪ್ಟೈಡ್ ತೀರ ಕಡಿಮೆ ಇದ್ದರೆ ಯಾರೋ ಹೊರಗಿನಿಂದ ಚುಚ್ಚಿದ್ದಾರೆ. ಎರಡೂ ಹೆಚ್ಚಿದ್ದರೆ ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ಹೊಟ್ಟೆಗೆ ಹೋಗಿದೆಯೇ ಎಂದು ನೋಡಬೇಕು. ಬೇಕೆಂದೇ ನುಂಗಿರಬಹುದು. ಅಂಗಡಿಯಲ್ಲಿ ಒಂದರ ಬದಲು ಇನ್ನೊಂದು ಕೊಟ್ಟಿರಬಹುದು. ಮನೆಯ ಹಿರಿಯರ ಡಬ್ಬಿಯಿಂದ ಅದಲುಬದಲಾಗಿರಬಹುದು. ‘ಸಕ್ಕರೆಗೆ ನಾಟಿ ಔಷಧಿ’ ಎಂದು ಮಾರುವ ಪುಡಿಯಲ್ಲಿ ಬೆರೆತಿರಬಹುದು. ಮಾತ್ರೆ ಪತ್ತೆಗೆ ಸಕ್ಕರೆ ಇಳಿದ ಹೊತ್ತಿನ ರಕ್ತವೇ ಬೇಕು, ವಾರದ ನಂತರದ್ದು ಉಪಯೋಗಕ್ಕೆ ಬಾರದು.

ಮೂರನೆಯದು ನಮ್ಮ ದೇಶಕ್ಕೆ ಬಹಳ ಹತ್ತಿರದ್ದು. 1970ರಲ್ಲಿ ಜಪಾನಿನಲ್ಲಿ ಹಿರಾಟ ಗುರುತಿಸಿದ ಇನ್ಸುಲಿನ್ ಆಟೊಇಮ್ಯೂನ್ ಸಿಂಡ್ರೋಮ್, ಅಂದರೆ ದೇಹ ತನ್ನದೇ ಇನ್ಸುಲಿನ್ ವಿರುದ್ಧ ಪ್ರತಿಕಾಯ ಕಟ್ಟುವ ಕಾಯಿಲೆ. ಇಲ್ಲಿ ಇನ್ಸುಲಿನ್ ನೂರರ, ಸಾವಿರದ ಲೆಕ್ಕದಲ್ಲಿರುತ್ತದೆ, ಪ್ರತಿಕಾಯ ಸಿಗುತ್ತದೆ, ಗಡ್ಡೆ ಇರುವುದಿಲ್ಲ. ಆಲ್ಫಾ ಲಿಪೊಯಿಕ್ ಆ್ಯಸಿಡ್ ಇದನ್ನು ಕೆಲವರಲ್ಲಿ ಹೊತ್ತಿಸುತ್ತದೆ. ಕೈಕಾಲು ಜೋಮಿಗೆ ಕೊಡುವ ಎಷ್ಟೋ ‘ನರದ ಮಾತ್ರೆ’ಗಳ ಹಿಂದಿನ ಸಣ್ಣಕ್ಷರ ಓದಿ ನೋಡಿ, ಅದು ಅಲ್ಲಿ ಇರುತ್ತದೆ. ಮಾತ್ರೆ ನಿಲ್ಲಿಸಿದರೆ ಬಹುತೇಕರಲ್ಲಿ ವಾರಗಳಲ್ಲೋ ತಿಂಗಳುಗಳಲ್ಲೋ ಕಾಯಿಲೆ ತಾನಾಗಿ ಇಳಿಯುತ್ತದೆ. ಇಂಥವರ ಪ್ಯಾಂಕ್ರಿಯಾಸ್ ಕೊಯ್ದರೆ ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಜಠರದ ಬೈಪಾಸ್ ಶಸ್ತ್ರಚಿಕಿತ್ಸೆ ಆದವರಲ್ಲಿ ಊಟದ ನಂತರ ಇಳಿಯುವ ಸಕ್ಕರೆಯದು ಬೇರೆಯೇ ಕಥೆ. ಅದಕ್ಕೆ ಉಪವಾಸವಲ್ಲ, ಮಿಶ್ರ ಊಟದ ಪರೀಕ್ಷೆ ಬೇಕು.

ಈಗ ಹುಡುಕುವ ಕೆಲಸ. ಹತ್ತರಲ್ಲಿ ಒಂಬತ್ತು ಗಡ್ಡೆಗಳು ಒಂಟಿ, ಹತ್ತರಲ್ಲಿ ಒಂಬತ್ತು ಕ್ಯಾನ್ಸರ್ ಅಲ್ಲ, ಹತ್ತರಲ್ಲಿ ಒಂಬತ್ತು 2 ಸೆಂಟಿಮೀಟರಿಗಿಂತ ಚಿಕ್ಕವು. ಪ್ಯಾಂಕ್ರಿಯಾಸ್‌ನ ತಲೆ, ದೇಹ, ಬಾಲ ಮೂರೂ ಭಾಗಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಹಂಚಿಕೊಂಡಿರುತ್ತವೆ, ಇಂಥಲ್ಲೇ ಇರುತ್ತದೆ ಎಂದು ಊಹಿಸುವಂತಿಲ್ಲ. ಚೀಟಿಯಲ್ಲಿ ಬರೀ ‘ಸಿಟಿ ಅಬ್ಡಾಮೆನ್’ ಎಂದು ಬರೆದರೆ ಗಡ್ಡೆ ತಪ್ಪುತ್ತದೆ. ಇನ್ಸುಲಿನೋಮಾಕ್ಕೆ ರಕ್ತ ಜಾಸ್ತಿ. ಬಣ್ಣದೌಷಧ ಕೊಟ್ಟು 35ರಿಂದ 45 ಸೆಕೆಂಡಿನ ಹೊತ್ತಿಗೆ ಅದು ಸುತ್ತಲಿನ ಗ್ರಂಥಿಗಿಂತ ಬೆಳ್ಳಗೆ ಮಿನುಗಿ, 70ನೇ ಸೆಕೆಂಡಿಗೆ ಸುತ್ತಲಿನದರಲ್ಲಿ ಬೆರೆತು ಹೋಗುತ್ತದೆ. ಸಾಮಾನ್ಯ ಸಿಟಿ ತೆಗೆಯುವುದೇ ಆ 70ನೇ ಸೆಕೆಂಡಿನಲ್ಲಿ. ‘ಪ್ಯಾಂಕ್ರಿಯಾಸ್ ಪ್ರೊಟೊಕಾಲ್, 1 ಮಿಲಿಮೀಟರ್ ಪದರ, ಇನ್ಸುಲಿನೋಮಾ ಅನುಮಾನ’ ಎಂದು ಪೂರ್ತಿ ಬರೆಯಿರಿ, ಬಾಯಿಂದ ಬಿಳಿ ಕಾಂಟ್ರಾಸ್ಟ್ ಬೇಡ, ನೀರು ಕುಡಿಸಿ. ಎಂಆರ್‌ಐ ಇದಕ್ಕೆ ಜೊತೆ. ಬಾಯಿಂದ ಜಠರಕ್ಕೆ ನಳಿಕೆ ಇಳಿಸಿ ಮಾಡುವ ಎಂಡೊಸ್ಕೋಪಿಕ್ ಅಲ್ಟ್ರಾಸೌಂಡ್ ಕೆಲವೇ ಮಿಲಿಮೀಟರಿನ ಗಡ್ಡೆಯನ್ನೂ ತೋರಿಸುತ್ತದೆ, ಅದು ಮುಖ್ಯ ನಾಳಕ್ಕೆ ಎಷ್ಟು ದೂರ ಎಂದೂ ಅಳೆದು ಹೇಳುತ್ತದೆ. ಬಾಲದ ತುದಿ ಮಾತ್ರ ಅದಕ್ಕೆ ಕಷ್ಟ, ಮಾಡುವವರ ಕೈಗುಣವೂ ಲೆಕ್ಕಕ್ಕೆ ಬರುತ್ತದೆ.

ಇನ್ಸುಲಿನೋಮಾದಂಥ ನ್ಯೂರೊಎಂಡೊಕ್ರೈನ್ (ಹಾರ್ಮೋನ್ ಕೋಶಗಳ) ಗಡ್ಡೆ ಎಂದ ಕೂಡಲೇ ಗ್ಯಾಲಿಯಂ ಡೋಟಾಟೇಟ್ ಪೆಟ್ (ವಿಕಿರಣ ಔಷಧಿ ಕೊಟ್ಟು ಗಡ್ಡೆ ಹುಡುಕುವ ಸ್ಕ್ಯಾನ್) ಬರೆಯುವ ಅಭ್ಯಾಸ ಬೆಳೆದಿದೆ. ಸಾಮಾನ್ಯ ಇನ್ಸುಲಿನೋಮಾದ ಮೇಲೆ ಅದು ಅಂಟಿಕೊಳ್ಳಲು ಬೇಕಾದ ಸೊಮ್ಯಾಟೊಸ್ಟ್ಯಾಟಿನ್ ಗ್ರಾಹಕ (ರಿಸೆಪ್ಟರ್) ಹಲವು ಸಲ ಕಡಿಮೆ, ಹಾಗಾಗಿ ಅದು ಕೈಕೊಡುವುದುಂಟು. ಇದಕ್ಕೆ ಹೊಂದುವುದು ಎಕ್ಸೆಂಡಿನ್-4 ಪೆಟ್. ಈ ಪೆಪ್ಟೈಡ್ ಮೊದಲು ಸಿಕ್ಕಿದ್ದು ಗಿಲಾ ಮಾನ್‌ಸ್ಟರ್ ಎಂಬ ಅಮೆರಿಕದ ವಿಷಹಲ್ಲಿಯ ಜೊಲ್ಲಿನಲ್ಲಿ. ಅದು ಗಡ್ಡೆಯ ಮೇಲಿನ ಜಿಎಲ್‌ಪಿ-1 ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಅಂಟಿದಾಗ ಗಡ್ಡೆ ಇನ್ನಷ್ಟು ಇನ್ಸುಲಿನ್ ಬಿಡುವುದರಿಂದ ಸ್ಕ್ಯಾನ್ ಹೊತ್ತಿನಲ್ಲಿ ಡೆಕ್ಸ್‌ಟ್ರೋಸ್ ಡ್ರಿಪ್ ಓಡುತ್ತಿರಬೇಕು. ಭಾರತದಲ್ಲಿ ಕೆಲವು ದೊಡ್ಡ ಸಂಸ್ಥೆಗಳಲ್ಲಿ ಮಾತ್ರ ಇದು ಸಿಗುತ್ತದೆ. ಹರಡುವ ಜಾತಿಯ ಇನ್ಸುಲಿನೋಮಾದಲ್ಲಿ ಲೆಕ್ಕ ಹಲವು ಸಲ ತಿರುಗುಮುರುಗು, ಅಲ್ಲಿ ಡೋಟಾಟೇಟೇ ಮೇಲು.

ಎಲ್ಲ ಸ್ಕ್ಯಾನೂ ಖಾಲಿ ಬಂದರೆ ಕ್ಯಾಲ್ಸಿಯಂ ಪ್ರಚೋದನೆ ಪರೀಕ್ಷೆ ಇದೆ. ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಜಾನ್ ಡಾಪ್‌ಮನ್ ರೂಪಿಸಿದ್ದು. ತೊಡೆಯ ಧಮನಿಯಿಂದ ಕ್ಯಾತಿಟರ್ ಏರಿಸಿ, ಪ್ಯಾಂಕ್ರಿಯಾಸ್‌ಗೆ ರಕ್ತ ಕೊಡುವ ಒಂದೊಂದೇ ಧಮನಿಗೆ ಕ್ಯಾಲ್ಸಿಯಂ ಗ್ಲುಕೊನೇಟ್ ಕೊಟ್ಟು, ಯಕೃತ್ತಿನ ಅಭಿಧಮನಿಯಿಂದ ಎರಡು ನಿಮಿಷದೊಳಗೆ ಹಲವು ಮಾದರಿ ತೆಗೆಯುತ್ತಾರೆ. ಇನ್ಸುಲಿನ್ ದುಪ್ಪಟ್ಟಾದರೆ ಗಡ್ಡೆ ಆ ಧಮನಿಯ ಜಮೀನಿನಲ್ಲಿದೆ. ಗುಲ್ಮದ ಧಮನಿಯಾದರೆ ದೇಹ ಅಥವಾ ಬಾಲ, ಗ್ಯಾಸ್ಟ್ರೊಡ್ಯುಯೊಡಿನಲ್ ಆದರೆ ತಲೆ. ಗಡ್ಡೆಯ ಚಿತ್ರ ಸಿಗುವುದಿಲ್ಲ, ಪಹಣಿ ಸಿಗುತ್ತದೆ.

ಶಸ್ತ್ರಚಿಕಿತ್ಸೆಗೆ ಮುನ್ನ ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನ್, ಪ್ರೊಲ್ಯಾಕ್ಟಿನ್ ನೋಡಿರಿ. ವಂಶವಾಹಿ ದೋಷದಿಂದ ಬರುವ ಎಂಇಎನ್-1 (ಒಬ್ಬರಲ್ಲೇ ಹಲವು ಹಾರ್ಮೋನ್ ಗ್ರಂಥಿಗಳಲ್ಲಿ ಗಡ್ಡೆ ಬರುವ ಕಾಯಿಲೆ) ಇದ್ದರೆ ಗಡ್ಡೆ ಒಂದೇ ಇರುವುದು ಅಪರೂಪ, ಯೋಜನೆಯೇ ಬದಲಾಗುತ್ತದೆ. ಹಿಂದಿನ ರಾತ್ರಿ ಬಾಯಿ ಕಟ್ಟಿದ ಕೂಡಲೇ ಡೆಕ್ಸ್‌ಟ್ರೋಸ್ ಡ್ರಿಪ್ ಶುರು. ಅರಿವಳಿಕೆಯಲ್ಲಿ ಮಂಪರು ಕಾಣುವುದಿಲ್ಲವಾದ್ದರಿಂದ 15–30 ನಿಮಿಷಕ್ಕೊಮ್ಮೆ ಸಕ್ಕರೆ ಅಳೆಯಲೇಬೇಕು.

ಮೇಲ್ಮೈಯ ಚಿಕ್ಕ ಗಡ್ಡೆಗೆ ಲ್ಯಾಪರೊಸ್ಕೋಪಿ ಸಾಕು. ಜಠರಕ್ಕೂ ದೊಡ್ಡ ಕರುಳಿಗೂ ನಡುವಿನ ಪರದೆ ತೆರೆದರೆ ಪ್ಯಾಂಕ್ರಿಯಾಸ್‌ನ ಮುಂಭಾಗ ಕಾಣುತ್ತದೆ. ಗಡ್ಡೆ ತಲೆಯಲ್ಲಿದ್ದರೆ ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುಯೊಡಿನಮ್ಮನ್ನು ಬಲಗಡೆಯಿಂದ ಎಬ್ಬಿಸಿ ಹಿಂಬದಿಯನ್ನೂ ನೋಡಬೇಕು. ಆಮೇಲೆ ಗ್ರಂಥಿಯ ಮೇಲೇ ಅಲ್ಟ್ರಾಸೌಂಡ್ ಇಟ್ಟು ತಲೆಯಿಂದ ಬಾಲದ ತನಕ ನಿಧಾನ ಸರಿಸುವುದು. ಗಡ್ಡೆ ಕಪ್ಪು ದುಂಡಾಗಿ ಕಾಣುತ್ತದೆ. ಆಗ ನಮಗೆ ಬೇಕಾದ ಒಂದೇ ಒಂದು ಅಳತೆ, ಗಡ್ಡೆಗೂ ಮುಖ್ಯ ಪ್ಯಾಂಕ್ರಿಯಾಟಿಕ್ ನಾಳಕ್ಕೂ ನಡುವಿನ ಅಂತರ. 2–3 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಗಡ್ಡೆಯನ್ನಷ್ಟೇ ಸುಲಿದು ತೆಗೆಯಬಹುದು.

ಸುಲಿಯುವುದು ಅಂದರೆ ಹಲಸಿನ ತೊಳೆ ಬಿಡಿಸಿದ ಹಾಗೆ, ಹಿಸುಕದೆ. ಗಡ್ಡೆ ಕೆಂಗಂದು ಬಣ್ಣ, ಹಳದಿ ಮಿಶ್ರಿತ ಗ್ರಂಥಿಗಿಂತ ಗಟ್ಟಿ. ಮೇಲಿನ ತೆಳು ಪದರ ಬಿಡಿಸಿ, ಗಡ್ಡೆಯನ್ನು ಇಕ್ಕಳದಲ್ಲಿ ಹಿಡಿಯುವ ಬದಲು ಅದಕ್ಕೊಂದು ಹೊಲಿಗೆ ಹಾಕಿ ದಾರದಿಂದ ಎತ್ತಿ ಹಿಡಿದರೆ, ಗಡ್ಡೆಗೂ ಗ್ರಂಥಿಗೂ ನಡುವೆ ಬಿಳಿಯ ಗೆರೆಯೊಂದು ತೆರೆದುಕೊಳ್ಳುತ್ತದೆ. ಅದೇ ದಾರಿ. ಅದನ್ನು ಹಿಡಿದು ಸುತ್ತ ಬರಬೇಕು, ಅಡ್ಡ ಬರುವ ಸಣ್ಣ ರಕ್ತನಾಳಗಳಿಗೆ ಬೈಪೋಲಾರ್ (ಸುಟ್ಟು ಮುಚ್ಚುವ ಉಪಕರಣ) ಅಥವಾ ಕ್ಲಿಪ್. ರಕ್ತ ಬಂತೆಂದು ಕುಳಿಯ ತಳದಲ್ಲಿ ಕುರುಡಾಗಿ ಸುಟ್ಟರೆ ಮುಖ್ಯ ನಾಳ ಕೆಳಗೇ ಇರುತ್ತದೆ, ಅದರ ಗಾಯ ಅವತ್ತಲ್ಲ, ನಾಲ್ಕನೇ ದಿನ ಕಾಣುತ್ತದೆ. ಹತ್ತಿಯ ಪ್ಯಾಡಿನಿಂದ ಐದು ನಿಮಿಷ ಒತ್ತಿ ಹಿಡಿಯುವುದು ಅದಕ್ಕಿಂತ ಜಾಣತನ. ಗಡ್ಡೆ ಒಡೆದರೆ ಚೂರು ಉಳಿದು ಕಾಯಿಲೆ ಮರಳಬಹುದು.

ನಾಳಕ್ಕೆ ಅಂಟಿದ್ದರೆ, ಆಳದಲ್ಲಿದ್ದರೆ, ಸುತ್ತ ಗಂಟು, ನಾಳದ ಉಬ್ಬು ಕಂಡು ಕ್ಯಾನ್ಸರ್ ಅನುಮಾನ ಬಂದರೆ ಸುಲಿಯಬಾರದು. ಬಾಲದ ಕಡೆಯಾದರೆ ಆ ಭಾಗವನ್ನೇ ತೆಗೆಯುವುದು, ಆದಷ್ಟೂ ಗುಲ್ಮ ಉಳಿಸಿ. ಗುಲ್ಮ ಹೋಗುವ ಸಾಧ್ಯತೆ ಇದ್ದರೆ ನ್ಯೂಮೊಕಾಕಸ್, ಮೆನಿಂಗೊಕಾಕಸ್, ಹಿಬ್ ಲಸಿಕೆ ಎರಡು ವಾರ ಮೊದಲೇ ಆಗಿರಲಿ. ತಲೆಯ ಆಳದ ಗಡ್ಡೆಗೆ, ಗ್ರಂಥಿಯ ತಲೆಯನ್ನು ಡ್ಯುಯೊಡಿನಮ್ ಸಮೇತ ತೆಗೆಯುವ ವಿಪಲ್ ಶಸ್ತ್ರಚಿಕಿತ್ಸೆ ಅಪರೂಪಕ್ಕೆ ಬೇಕಾಗುತ್ತದೆ, ಹೌದು, ಅದೇ ವಿಪಲ್. ಇನ್ನು, ಗಡ್ಡೆ ಸಿಗದೆ ಹೋದರೆ? ಹಿಂದೆ ‘ಬಾಲದಲ್ಲಿರಬಹುದು’ ಎಂದು ಅರ್ಧ ಗ್ರಂಥಿ ಕತ್ತರಿಸುತ್ತಿದ್ದರು. ಗಡ್ಡೆ ತಲೆಯಲ್ಲೇ ಉಳಿದು, ರೋಗಿಗೆ ಹಳೆ ಕಾಯಿಲೆಯೂ ಇದ್ದು ಅರ್ಧ ಗ್ರಂಥಿಯೂ ಇಲ್ಲದಂತಾಗುತ್ತಿತ್ತು. ಈಗ ಹಾಗೆ ಮಾಡುವಂತಿಲ್ಲ. ಹೊಟ್ಟೆ ಮುಚ್ಚಿ, ಕ್ಯಾಲ್ಸಿಯಂ ಪರೀಕ್ಷೆಯೋ ಎಕ್ಸೆಂಡಿನ್ ಪೆಟ್ ಸ್ಕ್ಯಾನೋ ಆಗುವಲ್ಲಿಗೆ ಕಳಿಸಿ.

ತೆಗೆದ ಗಂಟೆಯೊಳಗೆ ಸಕ್ಕರೆ ಏರಲು ಶುರುವಾಗುತ್ತದೆ. ಒಳ್ಳೆಯ ಸೂಚನೆ, ಆದರೆ ಡ್ರಿಪ್ ಓಡುತ್ತಿದ್ದರೆ ಅದೊಂದನ್ನೇ ನಂಬುವಂತಿಲ್ಲ. ಇಷ್ಟು ದಿನ ಕೆಲಸವಿಲ್ಲದೆ ಮಲಗಿದ್ದ ಉಳಿದ ಬೀಟಾ ಕೋಶಗಳು (ಇನ್ಸುಲಿನ್ ತಯಾರಿಸುವವು) ಏಳಲು ಕೆಲವು ದಿನ ಬೇಕು, ಅಲ್ಲಿಯ ತನಕ ಸಕ್ಕರೆ 200 ದಾಟಿದರೂ ಅದು ಮಧುಮೇಹವಲ್ಲ. ನಿಜವಾದ ಕಾಟ ಪ್ಯಾಂಕ್ರಿಯಾಸ್ ರಸದ ಸೋರಿಕೆ. ಸುಲಿದ ಕುಳಿಯಿಂದ ಅದು ಸೋರುವುದು ಸಾಮಾನ್ಯ, ಹೆಚ್ಚಿನವು ತಾನಾಗಿ ನಿಲ್ಲುತ್ತವೆ. ಮೂರನೇ ದಿನ ಡ್ರೈನ್ (ಹೊಟ್ಟೆಯಿಂದ ಹೊರಗೆ ಬಿಟ್ಟ ಕೊಳವೆ) ನೀರನ್ನು ಅಮೈಲೇಸ್ ಎಂಬ ಪ್ಯಾಂಕ್ರಿಯಾಸ್ ಕಿಣ್ವದ ಪರೀಕ್ಷೆಗೆ ಕಳಿಸಿ. ರಕ್ತದ ಮೇಲ್ಮಿತಿಗಿಂತ ಮೂರು ಪಟ್ಟು ಮೀರಿದ್ದರೆ ಡ್ರೈನ್ ತೆಗೆಯಬೇಡಿ, ಮನೆಗೇ ಡ್ರೈನ್ ಸಮೇತ ಕಳಿಸಿದರೂ ನಡೆಯುತ್ತದೆ. ಜ್ವರ ಬಂದರೆ ಸಿಟಿ. ಡ್ರೈನಿನಲ್ಲಿ ಒಂದಿಷ್ಟೇ ಕೆಂಪು ಕಂಡು ತಾನೇ ನಿಂತರೂ ಸುಮ್ಮನಿರಬೇಡಿ. ರಸ ಧಮನಿಯ ಗೋಡೆ ಕೊರೆದಿರಬಹುದು, ಮುಂದಿನ ರಕ್ತಸ್ರಾವ ಅಷ್ಟು ಸಣ್ಣದಿರುವುದಿಲ್ಲ. ಅವತ್ತೇ ಆಂಜಿಯೊ (ರಕ್ತನಾಳಗಳ ಚಿತ್ರ) ಮಾಡಿಸಿ.

ಈ ವಿಷಯ ಮಾತಾಡಿದ ಸಭೆಯಲ್ಲಿ ಎರಡು ಪ್ರಶ್ನೆ ಬಂದವು. ಕೊಯ್ಯದೆ ಸುಡಬಹುದೇ ಎಂಬುದು ಮೊದಲನೆಯದು. ಎಂಡೊಸ್ಕೋಪಿಕ್ ಅಲ್ಟ್ರಾಸೌಂಡ್ ಮೂಲಕ ಸೂಜಿ ಇಳಿಸಿ ರೇಡಿಯೊಫ್ರೀಕ್ವೆನ್ಸಿಯಿಂದ ಸುಡುವುದು ಈಗ ನಡೆಯುತ್ತಿದೆ. 2 ಸೆಂಟಿಮೀಟರಿಗಿಂತ ಚಿಕ್ಕ, ನಾಳದಿಂದ ದೂರದ ಗಡ್ಡೆಗೆ, ವಿಶೇಷವಾಗಿ ಅರಿವಳಿಕೆ ತಾಳದ ಹಿರಿಯರಿಗೆ ಒಳ್ಳೆಯ ದಾರಿ. ಆದರೆ ದೀರ್ಘಕಾಲದ ಫಲಿತಾಂಶದಲ್ಲಿ ಶಸ್ತ್ರಚಿಕಿತ್ಸೆಗಿರುವ ದಶಕಗಳ ಸಾಕ್ಷ್ಯ ಅದಕ್ಕೆ ಇನ್ನೂ ಇಲ್ಲ.

ಎರಡನೆಯದು, ಶಸ್ತ್ರಚಿಕಿತ್ಸೆಯ ದಿನದ ತನಕ ಮನೆಯಲ್ಲಿ ಏನು ಮಾಡಬೇಕು? ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಊಟ, ಮಲಗುವ ಮುನ್ನ ಬೇಯಿಸದ ಮೆಕ್ಕೆಜೋಳದ ಪಿಷ್ಟ ಹಾಲಿನಲ್ಲಿ ಕಲಸಿ, ಬೆಳಗಿನ ಜಾವ ಎರಡಕ್ಕೆ ಅಲಾರಂ. ಇನ್ಸುಲಿನ್ ತಡೆಯುವ ಔಷಧಿ ಡಯಾಜಾಕ್ಸೈಡ್ ಸಿಕ್ಕರೆ ದಿನಕ್ಕೆ 150–200 ಮಿಲಿಗ್ರಾಂನಿಂದ ಶುರು, ಎರಡು ಮೂರು ಭಾಗ ಮಾಡಿ. ಕಾಲು ಊದುತ್ತದೆ, ಮೈಮೇಲೆ ಕೂದಲು ಬೆಳೆಯುತ್ತದೆ, ಮೊದಲೇ ಹೇಳಿಡಿ. ಹಾರ್ಮೋನ್ ತಗ್ಗಿಸುವ ಚುಚ್ಚುಮದ್ದು ಆಕ್ಟ್ರಿಯೊಟೈಡ್ ಕೊಡುವುದಿದ್ದರೆ ಮೊದಲ ಡೋಸ್ ಆಸ್ಪತ್ರೆಯಲ್ಲಿ, ಯಾಕೆಂದರೆ ಅದು ಗ್ಲುಕಗಾನ್ನನ್ನೂ ತಗ್ಗಿಸಿ ಕೆಲವರಲ್ಲಿ ಸಕ್ಕರೆಯನ್ನು ಇನ್ನೂ ಇಳಿಸುತ್ತದೆ. ಗಾಡಿ ಓಡಿಸುವುದು, ಬಾವಿಕಟ್ಟೆ, ಈಜು ಬೇಡ. ಪ್ರಜ್ಞೆ ತಪ್ಪಿದವರ ಬಾಯಿಗೆ ಬೆಲ್ಲದ ನೀರು ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಕಲಿತಿದ್ದರೆ ಗ್ಲುಕಗಾನ್ ಚುಚ್ಚಿ, 108ಕ್ಕೆ ಕರೆ ಮಾಡಿ. ಗ್ಲುಕಗಾನ್ ಗಡ್ಡೆಯನ್ನೂ ಕೆಣಕಿ ಇನ್ಸುಲಿನ್ ಬಿಡಿಸುತ್ತದೆ. ಹಾಗಾಗಿ ಎಚ್ಚರವಾದ ಕೂಡಲೇ, ‘ಸರಿಹೋಯ್ತು’ ಎಂದು ಮಲಗಲು ಬಿಡದೆ, ಹೊಟ್ಟೆ ತುಂಬ ಊಟ ಮಾಡಿಸಿ.